ತಡವಾಗಿ ಕೇಳಿದ ರಿಫಂಡು, ಇನ್ನೊಂದು ವರ್ಷದ ಬಾಕಿ



ಟ್ಯಾಕ್ಸಿನ ಕಾಲ ಮತ್ತೆ ಬಂತು. ಡಬ್ಲ್ಯು-2 ಬಂತಾ, ಬ್ಯಾಂಕಿನ 1099 ಬಂತಾ ಅಂತ ದಿನಾ ಟಪಾಲು ಡಬ್ಬ ನೋಡುವ ಕಾಲ. ಈ ಸಲ ನಾನು ಮಾತಿಗೆ ಆರಿಸಿಕೊಂಡಿರುವುದು ಒಂದೇ ಒಂದು ಪ್ರಶ್ನೆ. ಕನ್ನಡ ಕೂಟದ ಊಟದ ಸಾಲಿನಲ್ಲೋ, ಮಕ್ಕಳ ಸಂಗೀತದ ಕ್ಲಾಸು ಮುಗಿಯಲಿ ಅಂತ ಹೊರಗೆ ಕಾಯುವಾಗಲೋ, ಯಾರಾದರೂ ಒಬ್ಬರು ದನಿ ತಗ್ಗಿಸಿ ಕೇಳುವ ಪ್ರಶ್ನೆ ಇದು. "ಮೂರು ನಾಲ್ಕು ವರ್ಷದ ಹಿಂದಿನ ಒಂದು ರಿಟರ್ನ್ ಹಾಕೇ ಇಲ್ಲ. ಅದರಲ್ಲಿ ನಮಗೇ ದುಡ್ಡು ಬರಬೇಕು. ಆಮೇಲಿನ ವರ್ಷಕ್ಕೆ ನಾವು ಕಟ್ಟಬೇಕು. ಅಲ್ಲಿಂದ ಬರೋದನ್ನ ಇಲ್ಲಿಗೆ ಮುರ್ಕೊಳ್ಳಿ ಅಂತ ಬರೆದರೆ ಆಗಲ್ವಾ?"

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ರಿಫಂಡ್ ಬರಬೇಕಾದ ವರ್ಷದ ವಾಯಿದೆ ಇನ್ನೂ ಮುಗಿದಿಲ್ಲವಾದರೆ ಆಗುತ್ತದೆ. ಆಗ ನೀವು ಏನನ್ನೂ ಬರೆಯುವ ಅಗತ್ಯವೂ ಇಲ್ಲ, ಐಆರ್‌ಎಸ್‌ನವರು ತಾವಾಗಿಯೇ ಮುರಿದುಕೊಳ್ಳುತ್ತಾರೆ. ವಾಯಿದೆ ಮುಗಿದಿದ್ದರೆ ಆಗುವುದಿಲ್ಲ. ಎಷ್ಟು ವಿನಯವಾಗಿ, ಎಷ್ಟು ಕಾಗದ ಬರೆದರೂ ಆಗುವುದಿಲ್ಲ. ಆ ವಾಯಿದೆ ಸಾಮಾನ್ಯವಾಗಿ ಮೂರು ವರ್ಷ.

ಇದನ್ನು ಕೇಳಿದವರ ಮುಖದಲ್ಲಿ ಮೊದಲು ಕಾಣುವುದು ಅಪನಂಬಿಕೆ. ಅದು ಸಹಜವೂ ಹೌದು. ನಮ್ಮ ತಲೆಯಲ್ಲಿರುವ ಲೆಕ್ಕ ಊರಿನ ಕಿರಾಣಿ ಅಂಗಡಿಯ ಉದ್ದರಿ ಪುಸ್ತಕದ್ದು. ಯುಗಾದಿಗೆ ನೂರು ರೂಪಾಯಿ ಹೆಚ್ಚಿಗೆ ಕೊಟ್ಟಿದ್ದರೆ ದೀಪಾವಳಿಯ ಸಾಮಾನಿಗೆ ಅದನ್ನು ಕಳೆಯುತ್ತಿದ್ದರು. ಒಂದೇ ಅಂಗಡಿ, ಒಂದೇ ಪುಸ್ತಕ, ಒಂದೇ ಗಿರಾಕಿ. ಇಲ್ಲೂ ಹಾಗೇ ಅಲ್ಲವೇ, ಒಂದೇ ಸರ್ಕಾರ, ಒಂದೇ ಸೋಷಿಯಲ್ ಸೆಕ್ಯುರಿಟಿ ನಂಬರು, ಎರಡು ವರ್ಷ ಕೂಡಿಸಿ ಕಳೆದರೆ ಮುಗಿಯಿತಲ್ಲ ಎನ್ನಿಸುತ್ತದೆ. ಆದರೆ ಅಮೆರಿಕದ ತೆರಿಗೆ ಕಾನೂನಿನಲ್ಲಿ ಪ್ರತಿ ವರ್ಷವೂ ಬೇರೆಯೇ ಒಂದು ಪುಸ್ತಕ. ಒಂದರಿಂದ ಇನ್ನೊಂದಕ್ಕೆ ದುಡ್ಡು ಹೋಗಬೇಕಾದರೆ ಮೊದಲನೆಯ ಪುಸ್ತಕ ಇನ್ನೂ ತೆರೆದಿರಬೇಕು.

ನಮ್ಮ ಹಿರಿಯರಿಗೆ ಬೇರೊಂದು ಹೋಲಿಕೆ ಬೇಗ ಅರ್ಥವಾಗುತ್ತದೆ. ಪ್ರೋನೋಟು ಬರೆಸಿಕೊಂಡು ಸಾಲ ಕೊಟ್ಟವರು ಮೂರು ವರ್ಷ ತುಂಬುವ ಮೊದಲು ಸಾಲಗಾರನ ಮನೆಗೆ ಹೋಗಿ, ಹತ್ತು ರೂಪಾಯಿಯನ್ನಾದರೂ ಈಸಿಕೊಂಡು, ಹಿಂದುಗಡೆ ರುಜು ಹಾಕಿಸಿಕೊಂಡು ಬರುತ್ತಿದ್ದರು. ಹಾಗೆ ಮಾಡದಿದ್ದರೆ ಕೋರ್ಟಿನಲ್ಲಿ ಆ ಕಾಗದಕ್ಕೆ ಬೆಲೆ ಇಲ್ಲ. ರಿಫಂಡು ಆ ಪ್ರೋನೋಟಿನ ಹಾಗೆ. ಒಂದು ವ್ಯತ್ಯಾಸ: ಇಲ್ಲಿ ಸಾಲಗಾರ ಸರ್ಕಾರ, ಮತ್ತು ಹಿಂದುಗಡೆ ರುಜು ಹಾಕಿಸಿಕೊಂಡು ಇನ್ನೊಂದು ಮೂರು ವರ್ಷ ಎಳೆಯುವ ಉಪಾಯ ಇಲ್ಲ.

ಈಗ ನಿಯಮದ ಒಳಗೆ ಸ್ವಲ್ಪ ಇಳಿಯೋಣ. ನಿಮ್ಮ ಸಂಬಳದಿಂದ ವರ್ಷವಿಡೀ ಹಿಡಿದ ತೆರಿಗೆಯನ್ನು ಕಾನೂನು ಮುಂದಿನ ಏಪ್ರಿಲ್ 15ರಂದು ಕಟ್ಟಿದ್ದು ಎಂದು ಪರಿಗಣಿಸುತ್ತದೆ. ಜನವರಿಯಲ್ಲಿ ಹಿಡಿದಿರಲಿ, ಡಿಸೆಂಬರಿನಲ್ಲಿ ಹಿಡಿದಿರಲಿ, ದಿನ ಅದೊಂದೇ. ನೀವು ರಿಟರ್ನ್ ಹಾಕಿ ರಿಫಂಡ್ ಕೇಳಿದ ದಿನದಿಂದ ಹಿಂದಕ್ಕೆ ಮೂರು ವರ್ಷ ಎಣಿಸುತ್ತಾರೆ. ಆ ಅವಧಿಯೊಳಗೆ ಕಟ್ಟಿದ ದುಡ್ಡನ್ನು ಮಾತ್ರ ವಾಪಸ್ ಕೊಡಬಹುದು. ಆ ಏಪ್ರಿಲ್ 15 ಅದರೊಳಗೆ ಬಿದ್ದರೆ ಪೂರ್ತಿ ದುಡ್ಡು. ಒಂದು ದಿನ ಹೊರಗೆ ಬಿದ್ದರೆ ಸೊನ್ನೆ. ಆ ವರ್ಷ ನೀವು ಎಕ್ಸ್‌ಟೆನ್ಷನ್ ಕೇಳಿ ಪಡೆದಿದ್ದರೆ ಆ ಆರು ತಿಂಗಳೂ ಎಣಿಕೆಗೆ ಸೇರುತ್ತವೆ. ಕೇಳಿರದಿದ್ದರೆ ಈಗ ಸೇರಿಸಿಕೊಳ್ಳಲಾಗದು.

ಈ ಲೆಕ್ಕದಲ್ಲಿ 2021ರ ರಿಫಂಡುಗಳ ಬಾಗಿಲು 2025ರ ಏಪ್ರಿಲ್ 15ಕ್ಕೆ ಮುಚ್ಚಿತು. ಅದಕ್ಕೆ ಮೊದಲು ಐಆರ್‌ಎಸ್ ಹೊರಡಿಸಿದ ಪ್ರಕಟಣೆಯ ಪ್ರಕಾರ ಆ ಒಂದು ವರ್ಷದ ರಿಟರ್ನ್ ಹಾಕದೆ ರಿಫಂಡ್ ಬಿಟ್ಟುಕೊಂಡಿದ್ದವರು 11 ಲಕ್ಷಕ್ಕೂ ಹೆಚ್ಚು ಜನ, ಮೊತ್ತ 100 ಕೋಟಿ ಡಾಲರಿಗೂ ಹೆಚ್ಚು. 2022ರ ಬಾಗಿಲು ಮುಚ್ಚುವುದು 2026ರ ಏಪ್ರಿಲ್ 15ಕ್ಕೆ. ಈ ಮಾತು ಕೇಳುತ್ತಿರುವವರಲ್ಲಿ 2022ರ ರಿಟರ್ನ್ ಬಾಕಿ ಇಟ್ಟವರಿದ್ದರೆ, ಉಳಿದ ಮಾತು ಆಮೇಲೆ ಕೇಳಿದರೂ ನಡೆಯುತ್ತದೆ. ಮೊದಲು ಆ ವರ್ಷದ ಡಬ್ಲ್ಯು-2 ಹುಡುಕಿ.

"ಸರಿ, ಚೆಕ್ಕು ಕೊಡಬೇಡಿ, ಬಾಕಿಗಾದರೂ ಜಮಾ ಮಾಡಿಕೊಳ್ಳಿ ಅಂದರೆ?" ಇದೇ ವಾದವನ್ನು ಒಬ್ಬರು ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಒಯ್ದರು. ಹೆಸರು ಡೇವಿಡ್ ಬ್ಯಾರಲ್. ಮೊತ್ತ 1,175 ಡಾಲರ್. ಅಷ್ಟು ಚಿಕ್ಕ ಮೊತ್ತದ ಮೇಲೆ ಅಷ್ಟು ದೊಡ್ಡ ಕೋರ್ಟು ಕೂತದ್ದು ನನಗೆ ಯಾವಾಗಲೂ ಸೋಜಿಗ. ಆದರೆ ಈ ಕೇಸಿನ ಅಂಕಿಗಳು ಎಷ್ಟು ಸರಳವೆಂದರೆ ಯಾರಿಗೆ ಬೇಕಾದರೂ ಬೆರಳಲ್ಲಿ ಎಣಿಸಿ ತೋರಿಸಬಹುದು.

1988ರಲ್ಲಿ ಬ್ಯಾರಲ್ ಅವರ ಸಂಬಳದಿಂದ 4,104 ಡಾಲರ್ ತೆರಿಗೆ ಹಿಡಿದಿದ್ದರು. 1989ರ ಜನವರಿಯಲ್ಲಿ ಅವರೇ ಇನ್ನೂ 1,100 ಡಾಲರನ್ನು ಅಂದಾಜು ತೆರಿಗೆಯಾಗಿ ಕಟ್ಟಿದರು. ಒಟ್ಟು 5,204. ನಿಜವಾದ ತೆರಿಗೆ 4,029. ಅಂದರೆ 1,175 ಹೆಚ್ಚಿಗೆ ಕಟ್ಟಿದ್ದರು. ರಿಟರ್ನಿಗೆ ಕೊನೆಯ ದಿನ 1989ರ ಏಪ್ರಿಲ್ 15. ಎಕ್ಸ್‌ಟೆನ್ಷನ್ ಪಡೆದು ಆಗಸ್ಟ್ 15 ಮಾಡಿಸಿಕೊಂಡರು. ಆ ದಿನವೂ ಹೋಯಿತು. ರಿಟರ್ನ್ ಹಾಕಿದ್ದು 1993ರ ಜೂನ್ 1ರಂದು. ಹಾಕಿದಾಗ ಅವರು ಚೆಕ್ಕು ಕೇಳಲಿಲ್ಲ. ಈ 1,175 ಡಾಲರನ್ನು ನನ್ನ 1989ರ ತೆರಿಗೆ ಬಾಕಿಗೆ ಜಮಾ ಮಾಡಿಕೊಳ್ಳಿ ಎಂದರು. ನಮ್ಮ ಊಟದ ಸಾಲಿನ ಪ್ರಶ್ನೆಯೇ ಅಲ್ಲವೇ ಇದು?

ಐಆರ್‌ಎಸ್ ಒಪ್ಪಲಿಲ್ಲ. 1993ರ ಜೂನ್ 1ರಿಂದ ಹಿಂದಕ್ಕೆ ಮೂರು ವರ್ಷ, ಜೊತೆಗೆ ಎಕ್ಸ್‌ಟೆನ್ಷನ್ನಿನ ನಾಲ್ಕು ತಿಂಗಳು ಎಣಿಸಿದರೆ 1990ರ ಫೆಬ್ರವರಿ 1ಕ್ಕೆ ಬಂದು ನಿಲ್ಲುತ್ತದೆ. ಈ ಎರಡು ದಿನಗಳ ಮಧ್ಯೆ ಬ್ಯಾರಲ್ ಆ ವರ್ಷಕ್ಕೆಂದು ಒಂದು ಸೆಂಟೂ ಕಟ್ಟಿಲ್ಲ. ಎರಡೂ ಕಂತು 1989ರ ಏಪ್ರಿಲ್ 15ರಂದು ಕಟ್ಟಿದ್ದು ಎಂದು ಕಾನೂನಿನ ಎಣಿಕೆ. ಆದ್ದರಿಂದ ಕೊಡಬಹುದಾದದ್ದು ಸೊನ್ನೆ. ರಿಟರ್ನ್ ಹಾಕಿದಾಗಲೇ ಅಲ್ಲವೇ ಅದು ತೆರಿಗೆ ಎಂದು ಆಗುವುದು, ಅಲ್ಲಿಯವರೆಗೆ ಅದು ಬರೀ ಠೇವಣಿ ತಾನೇ ಎಂದು ಅವರ ಕಡೆಯಿಂದ ವಾದ. 2000ನೇ ಇಸವಿಯ ಫೆಬ್ರವರಿ 22ರಂದು ಸುಪ್ರೀಂ ಕೋರ್ಟು ಒಮ್ಮತದಿಂದ ಆ ವಾದ ತಳ್ಳಿಹಾಕಿತು. ತೀರ್ಪು ಬರೆದವರು ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್.

ಈ ಕೇಸಿನಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮ ಇದೆ. ಬ್ಯಾರಲ್ ಅವರ ಕೋರಿಕೆ ತಡವಾಗಿದೆ ಎಂದು ಯಾರೂ ಹೇಳಲಿಲ್ಲ. ರಿಟರ್ನ್ ಹಾಕಿದ ದಿನದಿಂದ ಮೂರು ವರ್ಷದೊಳಗೆ ಕೇಳಬಹುದು, ಅವರು ಅದೇ ದಿನ ಕೇಳಿದ್ದರು. ಅರ್ಜಿ ಸಕಾಲದ್ದೇ, ಸಿಗುವ ಮೊತ್ತ ಮಾತ್ರ ಸೊನ್ನೆ. ಬಾಗಿಲು ತೆರೆದಿದೆ, ಒಳಗೆ ಪೆಟ್ಟಿಗೆ ಖಾಲಿ. ಕೆಲವರು ಅಂತರ್ಜಾಲದಲ್ಲಿ "ರಿಟರ್ನ್ ಹಾಕಿ ಮೂರು ವರ್ಷ" ಎಂಬ ಅರ್ಧ ವಾಕ್ಯ ಓದಿ ನೆಮ್ಮದಿಯಾಗಿರುತ್ತಾರಲ್ಲ, ಅವರು ಎಡವುವುದು ಇಲ್ಲೇ. ಇನ್ನೊಂದು: ಕಾನೂನಿನ ಮಾತು ರಿಫಂಡಿಗೆ ಮಾತ್ರವಲ್ಲ, ಜಮೆಗೂ ಸೇರಿಯೇ ಇದೆ. ಚೆಕ್ಕಾಗಿ ಕೊಡಲಾಗದ್ದನ್ನು ಬಾಕಿಗೂ ಹೊಂದಿಸಲಾಗದು.

ಒಂದೇ ಮನೆಯಲ್ಲಿ ಒಂದು ವರ್ಷ ರಿಫಂಡು, ಇನ್ನೊಂದು ವರ್ಷ ಬಾಕಿ ಹೇಗೆ ಬರುತ್ತದೆ ಎಂದು ಕೆಲವರಿಗೆ ಅನ್ನಿಸಬಹುದು. ನಮ್ಮವರಲ್ಲಿ ಇದು ತೀರಾ ಸಾಮಾನ್ಯ. ಮದುವೆಯಾಗಿ ಹೆಂಡತಿಯೋ ಗಂಡನೋ ಎಚ್-4 ವೀಸಾದಲ್ಲಿ ಬಂದ ವರ್ಷ ತೆರಿಗೆ ಇಳಿಯುತ್ತದೆ, ಆದರೆ ಆಫೀಸಿನಲ್ಲಿ ಒಂಟಿ ಲೆಕ್ಕದಲ್ಲೇ ಹಿಡಿದಿರುತ್ತಾರೆ. ಬಂದವರಿಗೆ ಐಟಿಐಎನ್ ನಂಬರು ಬರಲಿ, ಆಮೇಲೆ ಜಂಟಿ ರಿಟರ್ನ್ ಹಾಕೋಣ ಎಂದು ಕಾಯುತ್ತಾ ಕೂತು ಆ ವರ್ಷ ಹಾಗೇ ಉಳಿದುಹೋಗುತ್ತದೆ. ಅಥವಾ ಜೂನಿನಲ್ಲಿ ಕೆಲಸ ಬಿಟ್ಟು ಬೆಂಗಳೂರಿಗೆ ಹೋಗಿರುತ್ತಾರೆ. ಅರ್ಧ ವರ್ಷದ ಸಂಬಳಕ್ಕೆ ಇಡೀ ವರ್ಷದ ದರದಲ್ಲಿ ಹಿಡಿದ ತೆರಿಗೆ ಇಲ್ಲೇ ಉಳಿದಿರುತ್ತದೆ. ಆಮೇಲೆ ಬರುತ್ತದೆ ಬಾಕಿಯ ವರ್ಷ. ಕಂಪನಿ ಕೊಟ್ಟ ಆರ್‌ಎಸ್‌ಯು ಷೇರುಗಳು ಕೈಗೆ ಬಂದಾಗ ಸಾಮಾನ್ಯವಾಗಿ 22 ಶೇಕಡಾ ಮಾತ್ರ ಹಿಡಿಯುತ್ತಾರೆ. ಇಬ್ಬರೂ ದುಡಿಯುವ ಮನೆಯ ನಿಜವಾದ ದರ 32 ಆಗಿರಬಹುದು, 35 ಆಗಿರಬಹುದು. ಮಧ್ಯದ ಅಂತರ ಏಪ್ರಿಲಿನಲ್ಲಿ ಎದುರಿಗೆ ನಿಲ್ಲುತ್ತದೆ.

ಆಗ ಹುಟ್ಟುವುದು ಭಯ. ಹಳೆಯದನ್ನು ಹಾಕಿದರೆ ಹೊಸದರ ಬಾಕಿ ಬಯಲಾಗುತ್ತದೆ, ದುಡ್ಡು ಕೂಡಿಸಿಕೊಂಡು ಎರಡನ್ನೂ ಒಟ್ಟಿಗೇ ಹಾಕೋಣ ಎಂದು ಮುಂದೂಡುತ್ತಾರೆ. ರಿಟರ್ನ್ ಹಾಕದವರೆಲ್ಲ ಸೋಮಾರಿಗಳು ಎಂದು ನಾನು ಒಪ್ಪುವುದಿಲ್ಲ. ನಾನು ಕಂಡವರಲ್ಲಿ ಹೆದರಿ ಸುಮ್ಮನಿದ್ದವರೇ ಹೆಚ್ಚು. ಆದರೆ ಬಯಲಾಗುವುದಕ್ಕೆ ಉಳಿದಿರುವುದು ಏನು? ಡಬ್ಲ್ಯು-2, ಬ್ರೋಕರೇಜಿನ 1099 ಎಲ್ಲದರ ಪ್ರತಿ ಅವರಿಗೆ ಆಗಲೇ ಹೋಗಿದೆ. ಸುಮ್ಮನಿರುವುದರಿಂದ ಮುಚ್ಚಿಟ್ಟಂತಾಗುವುದಿಲ್ಲ. ಕಳೆದುಕೊಳ್ಳುವುದು ರಿಫಂಡನ್ನು ಮಾತ್ರ.

ಯಾಕೆಂದರೆ ಗಡಿಯಾರ ಎರಡು ಕಡೆಗೂ ಒಂದೇ ವೇಗದಲ್ಲಿ ಓಡುವುದಿಲ್ಲ. ಸರ್ಕಾರ ನಿಮಗೆ ಕೊಡಬೇಕಾದದ್ದಕ್ಕೆ ಮೂರು ವರ್ಷದ ವಾಯಿದೆ. ನೀವು ಸರ್ಕಾರಕ್ಕೆ ಕೊಡಬೇಕಾದದ್ದಕ್ಕೆ, ರಿಟರ್ನ್ ಹಾಕದೆ ಇದ್ದಷ್ಟು ಕಾಲ, ವಾಯಿದೆಯೇ ಇಲ್ಲ. ಹತ್ತು ವರ್ಷ ಬಿಟ್ಟೂ ಲೆಕ್ಕ ಹಾಕಿ ಕೇಳಬಹುದು. ಲೆಕ್ಕ ಹಾಕಿ ದಾಖಲಿಸಿದ ಮೇಲೆ ವಸೂಲಿಗೆ ಇನ್ನೂ 10 ವರ್ಷ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಅಂತಾರಲ್ಲ, ಅದನ್ನು ಕಾನೂನಾಗಿ ಬರೆದರೆ ಹೀಗೇ ಇರುತ್ತದೆ. ಇದು ನ್ಯಾಯವೇ ಎಂದು ಕೇಳಿದರೆ ನನ್ನ ಉತ್ತರ: ಅಲ್ಲ. ಆದರೆ ಇರುವುದು ಇದು.

ಬಡ್ಡಿಯಲ್ಲೂ ಇದೇ ಓರೆ. ಬಾಕಿಗೆ ಕೊನೆಯ ದಿನದಿಂದಲೇ ಬಡ್ಡಿ. 2024ರಲ್ಲಿ ಅದು 8 ಶೇಕಡಾ ಇತ್ತು, 2025ರಲ್ಲಿ 7, ಅದೂ ದಿನದಿನಕ್ಕೆ ಚಕ್ರಬಡ್ಡಿ. ಜೊತೆಗೆ ರಿಟರ್ನ್ ಹಾಕದ್ದಕ್ಕೆ ಬಾಕಿಯ ಮೇಲೆ ತಿಂಗಳಿಗೆ 5 ಶೇಕಡಾದಂತೆ 25ರವರೆಗೆ ದಂಡ. ಕಟ್ಟದೆ ಇದ್ದುದಕ್ಕೆ ತಿಂಗಳಿಗೆ ಅರ್ಧ ಶೇಕಡಾ ಬೇರೆ. ನಿಮ್ಮ ರಿಫಂಡಿಗೋ, ತಡವಾಗಿ ಹಾಕಿದ ರಿಟರ್ನ್ ಆದರೆ, ಹಾಕಿದ ದಿನಕ್ಕಿಂತ ಹಿಂದಿನ ಒಂದು ದಿನಕ್ಕೂ ಬಡ್ಡಿ ಇಲ್ಲ. ರಿಫಂಡ್ ಬರುವ ವರ್ಷದ ರಿಟರ್ನ್ ತಡವಾದರೆ ದಂಡ ಇಲ್ಲ ಎಂಬುದು ನಿಜ, ಬಾಕಿಯೇ ಇಲ್ಲದ ಮೇಲೆ ಶೇಕಡಾ ಯಾತರದ್ದು? ಜನರನ್ನು ಮೈಮರೆಸುವುದೂ ಇದೇ. ಅಂದಹಾಗೆ, ಆ ಮಾತು ಆದಾಯ ತೆರಿಗೆಗೆ ಮಾತ್ರ. ಊರಿನ ಬ್ಯಾಂಕು ಖಾತೆಗಳ ಎಫ್‌ಬಾರ್ ವರದಿ ಬೇರೆಯೇ ವಿಷಯ, ಅದರ ದಂಡವೂ ಬೇರೆ.

ಒಂದು ಲೆಕ್ಕ ಇಟ್ಟುಕೊಳ್ಳೋಣ. ಒಂದು ಮನೆಯಲ್ಲಿ 2022ಕ್ಕೆ 6,200 ಡಾಲರ್ ರಿಫಂಡ್ ಬರಬೇಕು, 2023ಕ್ಕೆ 7,500 ಕಟ್ಟಬೇಕು. 2022ರ ರಿಟರ್ನ್ ಈ ಏಪ್ರಿಲ್ 15ರೊಳಗೆ ಹೋದರೆ 6,200 ಅತ್ತ ಜಮೆ, ಅಸಲಿನಲ್ಲಿ ಉಳಿಯುವುದು 1,300. ಅದರ ಜೊತೆ ದಂಡ, ಬಡ್ಡಿ. ಏಪ್ರಿಲ್ 16ಕ್ಕೆ ಹೋದರೆ 7,500 ಪೂರ್ತಿ, ದಂಡ, ಬಡ್ಡಿ, ಮತ್ತು 6,200 ಖಜಾನೆಗೆ ಅರ್ಪಣೆ.

ಇನ್ನು ಮುರಿದುಕೊಳ್ಳುವ ಕ್ರಮ. ವಾಯಿದೆಯೊಳಗೆ ಇದ್ದರೆ ಐಆರ್‌ಎಸ್ ಮೊದಲು ನಿಮ್ಮ ಹಳೆಯ ಫೆಡರಲ್ ತೆರಿಗೆ ಬಾಕಿ ನೋಡುತ್ತದೆ. ಅದು ಮುಗಿದ ಮೇಲೆ ಮಕ್ಕಳ ಪೋಷಣೆಯ ಬಾಕಿ, ಫೆಡರಲ್ ಶಿಕ್ಷಣ ಸಾಲದಂಥ ಬೇರೆ ಸರ್ಕಾರಿ ಸಾಲ, ರಾಜ್ಯದ ತೆರಿಗೆ. ಉಳಿದದ್ದು ನಿಮಗೆ. ಹೊಂದಿಸಿಕೊಂಡ ಮೇಲೆ ಸಿಪಿ 49 ಎಂಬ ಪತ್ರ ಬರುತ್ತದೆ. ಕಂತಿನಲ್ಲಿ ಕಟ್ಟುತ್ತೇನೆಂದು ಒಪ್ಪಂದ ಮಾಡಿಕೊಂಡಿದ್ದರೂ ರಿಫಂಡನ್ನು ಬಿಡುವುದಿಲ್ಲ, ಆ ತಿಂಗಳ ಕಂತನ್ನೂ ಕಟ್ಟಲೇಬೇಕು. ಬಾಕಿ ಇಬ್ಬರಲ್ಲಿ ಒಬ್ಬರದ್ದು ಮಾತ್ರ, ಮದುವೆಗೆ ಮುಂಚಿನದು ಎಂದಾದರೆ, ಇನ್ನೊಬ್ಬರು ತಮ್ಮ ಪಾಲಿನ ರಿಫಂಡನ್ನು ಉಳಿಸಿಕೊಳ್ಳಲು ಫಾರಂ 8379 ಇದೆ.

ಬಾಕಿಯ ವರ್ಷದ ರಿಟರ್ನ್ ಇನ್ನೂ ಹಾಕಿಲ್ಲವಾದರೆ ಅವರ ಪುಸ್ತಕದಲ್ಲಿ ಆ ಬಾಕಿ ಕಾಣುವುದಿಲ್ಲ. ಆಗ ರಿಫಂಡ್ ನೇರ ನಿಮ್ಮ ಕೈಗೆ ಬರಬಹುದು. ಇಲ್ಲವೇ ಹಾಕದ ರಿಟರ್ನ್ ಇದೆ, ಬಾಕಿ ಇರಬಹುದು ಎಂದು ತಡೆಹಿಡಿದು ಸಿಪಿ 88 ಪತ್ರ ಕಳಿಸಬಹುದು. ಆ ಪತ್ರ ಬಂತೆಂದು ಹೆದರಬೇಕಿಲ್ಲ. ದುಡ್ಡು ಹೋಗಿಲ್ಲ, ನಿಂತಿದೆ. ಮಿಕ್ಕ ರಿಟರ್ನ್ ಹಾಕಿದರೆ ಮುಂದೆ ಚಲಿಸುತ್ತದೆ.

ಫಾರಂ 1040ರಲ್ಲಿ 36ನೇ ಸಾಲು ಎಂಬುದೊಂದಿದೆ. ಹೆಚ್ಚಾದ ತೆರಿಗೆಯನ್ನು ಮುಂದಿನ ವರ್ಷದ ಅಂದಾಜು ತೆರಿಗೆಗೆ ಹಾಕಿ ಎಂದು ಹೇಳುವ ಜಾಗ ಅದು. ಹೆಚ್ಚಿನ ಗೊಂದಲ ಇಲ್ಲಿಂದಲೇ. ಆ ಸಾಲು ಹೋಗುವುದು ಒಂದೇ ದಿಕ್ಕಿಗೆ, ಒಂದೇ ಹೆಜ್ಜೆ: 2022ರಿಂದ 2023ಕ್ಕೆ. 2022ರಿಂದ 2024ಕ್ಕೆ ಹಾರುವುದಿಲ್ಲ, ಹಿಂದಿನ 2020ಕ್ಕೆ ಹೋಗುವುದಿಲ್ಲ. ಒಮ್ಮೆ ಹಾಗೆ ಆರಿಸಿದರೆ ಆ ದುಡ್ಡು ಮುಂದಿನ ವರ್ಷದಲ್ಲಿ ಕಟ್ಟಿದ್ದೆಂದೇ ಲೆಕ್ಕ, ಹಳೆಯ ವರ್ಷದಿಂದ ಅದನ್ನು ಮತ್ತೆ ಕೇಳುವಂತಿಲ್ಲ. ಇದರಲ್ಲಿ ಒಂದು ಒಳ್ಳೆಯದೂ ಇದೆ. 2021ರ ರಿಟರ್ನನ್ನು ಸಕಾಲದಲ್ಲಿ ಹಾಕಿ ಹೆಚ್ಚಿನದನ್ನು 2022ಕ್ಕೆ ಸಾಗಿಸಿದ್ದು, ಆಮೇಲೆ 2022ರದ್ದು ಹಾಕದೆ ಬಿಟ್ಟವರ ದುಡ್ಡು ಈಗ 2022ರ ಪುಸ್ತಕದಲ್ಲಿದೆ, ಇನ್ನೂ ಸತ್ತಿಲ್ಲ.

ಆದರೆ ಕೆಲವರು ಐದಾರು ವರ್ಷದ ರಿಟರ್ನುಗಳನ್ನು ಒಟ್ಟಿಗೆ ಕೂತು ತುಂಬಿಸಿ, 2019ರ ಹೆಚ್ಚಿನದನ್ನು 2020ಕ್ಕೆ, ಅದನ್ನು 2021ಕ್ಕೆ, ಹೀಗೆ ಸರಪಳಿ ಹೆಣೆದು ಕೊನೆಯ ವರ್ಷದ ಬಾಕಿಗೆ ತಂದು ಕಟ್ಟುತ್ತಾರೆ. ಕಾಗದದ ಮೇಲೆ ಅಚ್ಚುಕಟ್ಟು. ಮೊದಲ ಕೊಂಡಿಯ ವಾಯಿದೆ ಮುಗಿದಿರುವುದರಿಂದ ಆ ದುಡ್ಡು 2020ಕ್ಕೆ ಬರುವುದೇ ಇಲ್ಲ. ಆಮೇಲೆ ಪ್ರತಿ ವರ್ಷದ ಲೆಕ್ಕವೂ ಅಷ್ಟಷ್ಟು ಕಡಿಮೆಯಾಗಿ, ಒಂದರ ಹಿಂದೆ ಒಂದು ನೋಟೀಸು.

ವಿನಾಯಿತಿ ಏನೂ ಇಲ್ಲವೇ ಎಂದರೆ, ಕೆಲವಿವೆ. ಮೊದಲನೆಯದಕ್ಕೂ ಒಂದು ಕಥೆ ಇದೆ. 1984ರಲ್ಲಿ 93 ವರ್ಷದ ವೃದ್ಧರೊಬ್ಬರು, ಬುದ್ಧಿಯ ಹಿಡಿತ ತಪ್ಪಿದ ಸ್ಥಿತಿಯಲ್ಲಿ, ಐಆರ್‌ಎಸ್‌ಗೆ 7,000 ಡಾಲರಿನ ಚೆಕ್ಕು ಕಳಿಸಿಬಿಟ್ಟರು. ಅವರು ತೀರಿಕೊಂಡ ಮೇಲೆ ಮಗಳಿಗೆ ಅದು ಗೊತ್ತಾಗಿ ವಾಪಸ್ ಕೇಳಿದರು. ಅಷ್ಟರಲ್ಲಿ ವಾಯಿದೆ ಮೀರಿತ್ತು. ಬ್ರಾಕ್ಯಾಂಪ್ ಪ್ರಕರಣವೆಂದು ಹೆಸರಾದ ಈ ಕೇಸಿನಲ್ಲಿ 1997ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು: ಕರುಣೆಯ ಕಾರಣಕ್ಕೆ ಗಡಿಯಾರ ನಿಲ್ಲಿಸುವ ಅಧಿಕಾರ ನಮಗಿಲ್ಲ, ಕಾನೂನು ಹಾಗೆ ಬರೆದಿಲ್ಲ. ಮರುವರ್ಷವೇ ಅಮೆರಿಕದ ಸಂಸತ್ತು ಕಾನೂನು ತಿದ್ದಿತು. ದೇಹದ ಅಥವಾ ಮನಸ್ಸಿನ ಕಾಯಿಲೆಯಿಂದ ತನ್ನ ಹಣಕಾಸು ನೋಡಿಕೊಳ್ಳಲಾಗದ ವ್ಯಕ್ತಿಗೆ, ಆ ಕಾಯಿಲೆ ಕನಿಷ್ಠ 12 ತಿಂಗಳು ಇರುವಂಥದ್ದು ಅಥವಾ ಪ್ರಾಣಕ್ಕೆ ಎರವಾಗುವಂಥದ್ದು ಎಂದು ವೈದ್ಯರು ಬರೆದುಕೊಟ್ಟರೆ, ಅಷ್ಟು ಕಾಲ ವಾಯಿದೆ ಓಡುವುದಿಲ್ಲ.

ಗ್ರೀನ್ ಕಾರ್ಡಿನಲ್ಲಿ ತಂದೆತಾಯಿಯನ್ನು ಕರೆಸಿಕೊಂಡವರು ಇದನ್ನು ಕಿವಿಗೊಟ್ಟು ಕೇಳಬೇಕು. ಆ ತಿದ್ದುಪಡಿಯಲ್ಲೇ ಒಂದು ಷರತ್ತಿದೆ. ಗಂಡನೋ ಹೆಂಡತಿಯೋ, ಅಥವಾ ಬೇರೆ ಯಾರಾದರೂ, ಆ ವ್ಯಕ್ತಿಯ ಪರವಾಗಿ ಹಣಕಾಸು ವ್ಯವಹಾರ ಮಾಡುವ ಅಧಿಕಾರ ಪಡೆದಿದ್ದ ಅವಧಿಗೆ ಈ ವಿನಾಯಿತಿ ಸಿಗುವುದಿಲ್ಲ. ತಂದೆಯ ಮರೆವು ಹೆಚ್ಚಾದಾಗ ನಾವು ಮಾಡುವ ಮೊದಲ ಕೆಲಸ ಪವರ್ ಆಫ್ ಅಟಾರ್ನಿ ಬರೆಸಿಕೊಳ್ಳುವುದು. ಅದು ಸರಿಯಾದ ಕೆಲಸವೇ. ಆದರೆ ಅದಕ್ಕೆ ರುಜು ಬಿದ್ದ ದಿನದಿಂದ ಅವರ ಹಳೆಯ ರಿಫಂಡುಗಳ ಗಡಿಯಾರ ಮತ್ತೆ ಓಡುತ್ತದೆ, ನೋಡಿಕೊಳ್ಳಬೇಕಾದವರು ನೀವು.

ಎರಡನೆಯ ವಿನಾಯಿತಿ ನಮ್ಮವರಿಗೆ ನೇರ ಸಂಬಂಧಿಸಿದ್ದು. ಊರಿನ ಸೈಟು ಮಾರಿದಾಗಲೋ, ಬ್ಯಾಂಕು ಠೇವಣಿಯ ಮೇಲೋ ಭಾರತಕ್ಕೆ ಕಟ್ಟಿದ ತೆರಿಗೆಯನ್ನು ಇಲ್ಲಿ ಕ್ರೆಡಿಟ್ ಎಂದು ತೆಗೆದುಕೊಳ್ಳಲು ಮರೆತು, ಅದರಿಂದಾಗಿ ಇಲ್ಲಿ ಹೆಚ್ಚು ಕಟ್ಟಿದ್ದರೆ, ಅಷ್ಟು ಭಾಗದ ರಿಫಂಡಿಗೆ ಮೂರಲ್ಲ, 10 ವರ್ಷ ಕಾಲಾವಕಾಶ. ಇನ್ನೊಂದು, ಹಳೆಯ ವರ್ಷಕ್ಕೆಂದು ಇತ್ತೀಚೆಗೆ ಕಟ್ಟಿದ ದುಡ್ಡು. ರಿಟರ್ನ್ ಹಾಕದೆ ಇದ್ದಾಗ ಐಆರ್‌ಎಸ್ ತಾನೇ ಲೆಕ್ಕ ಹಾಕಿ ವಸೂಲಿ ಮಾಡಿದ್ದು ಹೆಚ್ಚಾಯಿತು ಎಂದಾದರೆ, ಕಟ್ಟಿ 2 ವರ್ಷದೊಳಗೆ ಅದನ್ನು ಕೇಳಬಹುದು. ರಾಜ್ಯಗಳ ಲೆಕ್ಕವೂ ಬೇರೆ. ಕ್ಯಾಲಿಫೋರ್ನಿಯಾದಲ್ಲಿ ಕೊನೆಯ ದಿನದಿಂದ 4 ವರ್ಷ. ಫೆಡರಲ್ ರಿಫಂಡು ಹೋಯಿತೆಂದು ಬೇ ಏರಿಯಾದವರು ರಾಜ್ಯದ್ದನ್ನೂ ಕೈಬಿಡಬೇಡಿ.

ಭಾರತದ ಕಡೆ ತೆರಿಗೆ ಹಿಡಿಸಿಕೊಂಡವರು ಅಲ್ಲಿನದನ್ನೂ ಕೇಳುತ್ತಾರೆ, ಆದ್ದರಿಂದ ಎರಡು ಮಾತು. ಎನ್‌ಆರ್‌ಒ ಠೇವಣಿಯ ಬಡ್ಡಿಯಲ್ಲಿ 30 ಶೇಕಡಾಕ್ಕೂ ಮೇಲೆ ಟಿಡಿಎಸ್ ಹೋಗಿರುತ್ತದೆ. ರಿಟರ್ನ್ ಹಾಕದಿದ್ದರೆ ಅದು ಅಲ್ಲೇ. ಅಲ್ಲೂ ಕೊನೆಯ ದಿನ ಇದೆ, ಹಳೆಯ ಬಾಕಿಗೆ ರಿಫಂಡನ್ನು ಹೊಂದಿಸಿಕೊಳ್ಳುವ ಪದ್ಧತಿಯೂ ಇದೆ. ಆದರೆ ಅಲ್ಲಿ ವಿಳಂಬ ಮನ್ನಿಸಿ ಎಂದು ಕಾರಣ ಸಹಿತ ಅರ್ಜಿ ಹಾಕಲು ಒಂದು ದಾರಿ ಇಟ್ಟಿದ್ದಾರೆ. 2024ರ ಅಕ್ಟೋಬರ್ 1ರ ಸುತ್ತೋಲೆಯ ಪ್ರಕಾರ ಅಸೆಸ್ಮೆಂಟ್ ವರ್ಷ ಮುಗಿದು 5 ವರ್ಷದವರೆಗೆ. ಒಪ್ಪುವುದು ಬಿಡುವುದು ಅಧಿಕಾರಿಗೆ ಸೇರಿದ್ದು. ಅಮೆರಿಕದಲ್ಲಿ ಹಾಗೆ ಮನ್ನಿಸುವ ಅಧಿಕಾರಿ ಯಾರೂ ಇಲ್ಲ. ಅಲ್ಲಿನ ಅಭ್ಯಾಸದಲ್ಲಿ "ಹೋಗಿ ಕೇಳಿಕೊಂಡರೆ ಆಗುತ್ತೆ" ಎಂದು ಇಲ್ಲಿ ಕಾಯುವುದು ಬೇಡ.

ಹಾಗಾದರೆ ಎರಡೂ ಬಾಕಿ ಇಟ್ಟವರು ಎಲ್ಲಿಂದ ಶುರು ಮಾಡಬೇಕು? ರಿಫಂಡ್ ಇರುವ ವರ್ಷದಿಂದ. ಅದರಲ್ಲೂ ವಾಯಿದೆ ಮುಗಿಯಲು ಹತ್ತಿರ ಇರುವ ವರ್ಷದಿಂದ. ಬಾಕಿ ವರ್ಷಕ್ಕೆ ಕಟ್ಟಲು ಕೈಯಲ್ಲಿ ದುಡ್ಡಿಲ್ಲ ಎಂಬುದು ಇದನ್ನು ತಡೆಯುವ ಕಾರಣವೇ ಅಲ್ಲ. ಆಮೇಲೆ, ಬೆನ್ನಿಗೇ, ಬಾಕಿಯ ವರ್ಷದ್ದೂ ಹಾಕಿ, ದುಡ್ಡಿಲ್ಲದಿದ್ದರೂ ಹಾಕಿ. ಹಾಕದ್ದಕ್ಕಿರುವ ದಂಡ ಕಟ್ಟದ್ದಕ್ಕಿರುವ ದಂಡದ ಹತ್ತು ಪಟ್ಟು. 50,000 ಡಾಲರಿನವರೆಗಿನ ಬಾಕಿಗೆ ಆನ್‌ಲೈನಿನಲ್ಲೇ ಕಂತು ಮಾಡಿಸಿಕೊಳ್ಳಬಹುದು. ಹಿಂದಿನ ಮೂರು ವರ್ಷ ಶುದ್ಧವಾಗಿದ್ದರೆ ಮೊದಲ ಸಲದ ದಂಡವನ್ನು ಮನ್ನಾ ಮಾಡಿಸಿಕೊಳ್ಳುವ ಅವಕಾಶವೂ ಉಂಟು. ಈ ಎರಡಕ್ಕೂ ಷರತ್ತು ಒಂದೇ, ಹಾಕಬೇಕಾದ ರಿಟರ್ನುಗಳೆಲ್ಲ ಹಾಕಿರಬೇಕು. ಪೌರತ್ವದ ಅರ್ಜಿಯಲ್ಲೂ ತೆರಿಗೆ ಬಾಕಿಯ ಪ್ರಶ್ನೆ ಬರುತ್ತದೆ ಎಂಬುದು ಅರ್ಜಿ ತುಂಬಿದವರಿಗೆ ಗೊತ್ತು.

ಹಳೆಯ ಡಬ್ಲ್ಯು-2 ಕಳೆದಿದ್ದರೆ, ಕಂಪನಿಯೇ ಮುಚ್ಚಿಹೋಗಿದ್ದರೆ, ಐಆರ್‌ಎಸ್ ಆನ್‌ಲೈನ್ ಖಾತೆಯಲ್ಲಿ ವೇಜ್ ಅಂಡ್ ಇನ್ಕಮ್ ಟ್ರಾನ್ಸ್‌ಕ್ರಿಪ್ಟ್ ಸಿಗುತ್ತದೆ, ಹಿಂದಿನ ಒಂಬತ್ತು ವರ್ಷದವರೆಗಿನದು. ಇ-ಫೈಲಿಂಗ್ ಈ ವರ್ಷ ಮತ್ತು ಅದರ ಹಿಂದಿನ ಎರಡು ವರ್ಷಗಳಿಗೆ ಮಾತ್ರ. ಆದ್ದರಿಂದ ಈ ಸೀಸನ್ನಿನಲ್ಲಿ 2022ರದ್ದು ಕಾಗದದಲ್ಲೇ ಹೋಗಬೇಕು, ರುಜು ಶಾಯಿಯಲ್ಲಿ, ಜಂಟಿಯಾದರೆ ಇಬ್ಬರದ್ದೂ. ಅಂಚೆಯ ಮುದ್ರೆಯ ದಿನವೇ ಲೆಕ್ಕಕ್ಕೆ. ರಸ್ತೆ ಬದಿಯ ನೀಲಿ ಡಬ್ಬಕ್ಕೆ ಹಾಕಿ ಬರಬೇಡಿ. ಕೌಂಟರಿಗೆ ಹೋಗಿ ಸರ್ಟಿಫೈಡ್ ಮೇಲ್ ಮಾಡಿಸಿ, ರಸೀದಿಗೆ ಮುದ್ರೆ ಹಾಕಿಸಿಕೊಂಡು, ಅದನ್ನು ರಿಟರ್ನಿನ ಪ್ರತಿಯ ಜೊತೆ ಪಿನ್ ಮಾಡಿ ಇಡಿ. ಈಗಾಗಲೇ ಮೈಸೂರಿಗೋ ಬೆಂಗಳೂರಿಗೋ ವಾಪಸ್ ಹೋಗಿ ನೆಲೆಸಿ ಅಲ್ಲಿಂದ ಈ ಮಾತು ಕೇಳುತ್ತಿರುವವರು ಐಆರ್‌ಎಸ್ ಮಾನ್ಯ ಮಾಡಿದ ಅಂತರರಾಷ್ಟ್ರೀಯ ಕೊರಿಯರ್ ಸೇವೆಯನ್ನೇ ಬಳಸಿ. ಎಲ್ಲ ಕೊರಿಯರಿನ ಎಲ್ಲ ಸೇವೆಯೂ ಆ ಪಟ್ಟಿಯಲ್ಲಿಲ್ಲ, ಕಳಿಸುವ ಮುಂಚೆ ಪಟ್ಟಿ ನೋಡಿಕೊಳ್ಳಿ. ಒಂದು ಲಕೋಟೆಗೆ ಒಂದೇ ವರ್ಷದ ರಿಟರ್ನ್.

ಕಳಿಸಿದ ಕೆಲವು ತಿಂಗಳ ಮೇಲೆ ಅದೇ ಆನ್‌ಲೈನ್ ಖಾತೆಯಲ್ಲಿ ಅಕೌಂಟ್ ಟ್ರಾನ್ಸ್‌ಕ್ರಿಪ್ಟ್ ತೆಗೆದು ನೋಡಿ. 806 ಎಂಬ ಸಂಖ್ಯೆಯ ಎದುರಿಗೆ ಸಂಬಳದಲ್ಲಿ ಹಿಡಿದ ತೆರಿಗೆ ಇರುತ್ತದೆ. ರಿಫಂಡಿನ ವರ್ಷದಲ್ಲಿ 826 ಕಂಡರೆ ದುಡ್ಡು ಅಲ್ಲಿಂದ ಹೊರಟಿದೆ. ಬಾಕಿಯ ವರ್ಷವನ್ನು ತೆರೆದರೆ ಅದೇ ಮೊತ್ತ 706ರ ಎದುರಿಗೆ ಬಂದು ಕೂತಿರಬೇಕು. ಏನಾದರೂ ಉಳಿದು 846 ಎಂದು ಕಂಡರೆ, ಅದು ನಿಮ್ಮ ಬ್ಯಾಂಕಿಗೆ ಬರುತ್ತಿದೆ.